ನೀರು ನೋಡಿ ಮೀನು ತನ್ನಿ

ಅಕ್ವೇರಿಯಂ ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ, "ಇದೆಷ್ಟು?" ಎರಡನೆಯದು, "ಜೋಡಿಗಾ, ಒಂದಕ್ಕಾ?" ಮೂರನೇ ಪ್ರಶ್ನೆ ಇರೋದೇ ಇಲ್ಲ. ಪ್ಲಾಸ್ಟಿಕ್ ಕವರಿಗೆ ನೀರು ತುಂಬಿ, ಮೀನು ಬಿಟ್ಟು, ರಬ್ಬರ್ ಬ್ಯಾಂಡ್ ಸುತ್ತಿ ಕೊಡ್ತಾರೆ. ನಾವು ಸ್ಕೂಟರಿನ ಹ್ಯಾಂಡಲ್ಲಿಗೆ ನೇತು ಹಾಕಿಕೊಂಡು ಮನೆಗೆ ಬರ್ತೀವಿ. ನಾಲ್ಕನೇ ದಿನಕ್ಕೆ ಮೀನು ಮಗುಚಿ ತೇಲುತ್ತೆ. ಮಕ್ಕಳು ಅಳುತ್ತವೆ. ದೊಡ್ಡವರು "ಅಂಗಡಿಯವನು ಒಳ್ಳೆ ಮಾಲು ಕೊಟ್ಟಿಲ್ಲ" ಅಂತ ಬೈದು, ಮುಂದಿನ ವಾರ ಇನ್ನೊಂದು ಅಂಗಡಿಯಿಂದ ಇನ್ನೊಂದು ಜೋಡಿ ತರುತ್ತಾರೆ.

ಅಂಗಡಿಯವರನ್ನು ಸಮರ್ಥಿಸೋಕೆ ನಾನು ಇದನ್ನು ಬರೀತಿಲ್ಲ. ಆದರೆ ಹತ್ತರಲ್ಲಿ ಏಳೆಂಟು ಸಲ ಮೀನು ಸಾಯೋದು ಅಂಗಡಿಯಲ್ಲಿ ಅಲ್ಲ, ನಮ್ಮ ನಲ್ಲಿಯಲ್ಲಿ ಅನ್ನೋದು ನನ್ನ ಅಭಿಪ್ರಾಯ. ಆ ಕೇಳದೇ ಉಳಿದ ಮೂರನೇ ಪ್ರಶ್ನೆ ಅದೇ: "ನಮ್ಮನೆ ನೀರಿಗೆ ಈ ಮೀನು ಆಗುತ್ತಾ?"

ಬಣ್ಣ ನೋಡಿ ಮೀನು ಆರಿಸಬೇಡಿ, ನೀರು ನೋಡಿ ಆರಿಸಿ. ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ಹೇಳೋಕೆ ಒಂದು ಸಾಲು ಸಾಕಿತ್ತು, ಆದರೆ ಯಾಕೆ ಅನ್ನೋದನ್ನ ಸ್ವಲ್ಪ ಉದ್ದ ಹೇಳ್ತೀನಿ. ಪುರುಸೊತ್ತಿದ್ದರೆ ಓದಿ :)

ಕನ್ನಡದಲ್ಲಿ ಸಮುದ್ರದ್ದಲ್ಲದ ಮೀನಿಗೆಲ್ಲ ನಾವು 'ಸಿಹಿನೀರಿನ ಮೀನು' ಅಂತೀವಿ. ಪುಸ್ತಕದ ಮಟ್ಟಿಗೆ ಅದು ಸರಿ. ಆದರೆ ನಮ್ಮ ಚಿತ್ರದುರ್ಗದ ಕಡೆ 'ಸಿಹಿನೀರು' ಅನ್ನೋ ಮಾತಿನ ತೂಕವೇ ಬೇರೆ. ಇಲ್ಲಿ ಉಪ್ಪುನೀರಿಗೆ ವಿರುದ್ಧವಾದದ್ದು ಮಾತ್ರ ಸಿಹಿನೀರಲ್ಲ. ಬೇಳೆ ಬೇಯುವ ನೀರು, ಸೋಪು ನೊರೆ ಕೊಡುವ ನೀರು ಸಿಹಿನೀರು. ಕೋಟೆಯಲ್ಲಿ ಒಂದು ಹೊಂಡಕ್ಕೆ ಸಿಹಿನೀರು ಹೊಂಡ ಅಂತಲೇ ಹೆಸರಿದೆ. ಊರಿನ ನೀರೆಲ್ಲ ಸಿಹಿಯಾಗಿದ್ದಿದ್ದರೆ ಒಂದು ಹೊಂಡಕ್ಕೆ ಆ ಹೆಸರು ಯಾಕೆ ಬೇಕಿತ್ತು ಹೇಳಿ?

ಈಗ ಬೋರ್‌ವೆಲ್ ನೀರಿನ ವಿಷಯಕ್ಕೆ ಬರೋಣ. ಸ್ಟೀಲ್ ಬಿಂದಿಗೆಯ ಒಳಗೆ ಬಿಳಿ ಕರೆ, ಗೀಸರಿನ ಕಾಯಿಲ್ ಮೇಲೆ ಸುಣ್ಣದ ಗಟ್ಟಿ ಪದರ, ಬಾತ್‌ರೂಮಿನ ಟೈಲ್ಸ್ ಮೇಲೆ ಉಜ್ಜಿದರೂ ಹೋಗದ ಬೂದು ಗೆರೆ. ಇದೆಲ್ಲ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಜಾಸ್ತಿ, ಅಂದರೆ ಗಡಸು ನೀರು. ಅಂಥ ನೀರು ಸಾಮಾನ್ಯವಾಗಿ ಕ್ಷಾರೀಯವೂ ಆಗಿರುತ್ತೆ, ಪಿಎಚ್ 7ಕ್ಕಿಂತ ಮೇಲೆ. ಇದರ ಜೊತೆಗೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮದೂ ಒಂದು.

ಒಂದೇ ಜಿಲ್ಲೆಯೊಳಗೂ ನೀರು ಒಂದೇ ಥರ ಇಲ್ಲ. ಚಿತ್ರದುರ್ಗ ನಗರಕ್ಕೆ ಶಾಂತಿಸಾಗರದ (ಅದೇ ನಮ್ಮ ಸೂಳೆಕೆರೆ) ನೀರೂ ಬರುತ್ತೆ, ವಾಣಿವಿಲಾಸ ಸಾಗರದ ನೀರೂ ಬರುತ್ತೆ. ಹಿರಿಯೂರಿಗಂತೂ ಮಾರಿಕಣಿವೆ ಮನೆಯಂಗಳದ್ದೇ. ವೇದಾವತಿ ಹೊಸದುರ್ಗ ತಾಲ್ಲೂಕು ಹಾದು ಬಂದು ಅಲ್ಲಿ ನಿಲ್ಲುತ್ತೆ. ಹೊಳಲ್ಕೆರೆ ಕಡೆ ಅಡಿಕೆ ತೋಟಕ್ಕೆ ಕೊರೆದ ಬೋರಿನ ನೀರೇ ಎಷ್ಟೋ ಮನೆಗಳಿಗೂ ಬರುತ್ತೆ. ನದಿಯ ನೀರು, ಕೆರೆಯ ನೀರು, ನೂರಾರು ಅಡಿ ಕೆಳಗಿನ ಕಲ್ಲಿನ ಸಂದಿಯ ನೀರು. ಮೂರರ ರುಚಿ ನಮ್ಮ ನಾಲಿಗೆಗೇ ಗೊತ್ತಾಗುತ್ತೆ. ಮೈಯೆಲ್ಲ ಅದರಲ್ಲೇ ಮುಳುಗಿರುವ ಮೀನಿಗೆ ಗೊತ್ತಾಗಲ್ವಾ?

ಇದಕ್ಕಿಂತ ಫಜೀತಿ ಏನಂದ್ರೆ, ಒಂದೇ ಮನೆಯಲ್ಲಿ ಸೋಮವಾರ ನಲ್ಲಿ ನೀರು, ಗುರುವಾರ ಬೋರ್ ನೀರು, ಎರಡೂ ಬರದಿದ್ದರೆ ಟ್ಯಾಂಕರ್ ನೀರು. ಮೀನಿಗೆ ಗಡಸು ನೀರಿಗಿಂತ ಕಷ್ಟ ಈ ಬದಲಾವಣೆ. ಎಂಥ ನೀರಿಗಾದರೂ ನಿಧಾನಕ್ಕೆ ಒಗ್ಗಿಕೊಳ್ಳುವ ಮೀನೂ ಒಂದೇ ದಿನದಲ್ಲಿ ನೀರು ಪೂರ್ತಿ ಬದಲಾದರೆ ತಾಳಲ್ಲ. ತೊಟ್ಟಿ ತೊಳೆದು, ಕಲ್ಲು ತೊಳೆದು, ಹೊಸ ನೀರು ತುಂಬಿ "ಎಷ್ಟು ಕ್ಲೀನಾಗಿದೆ ನೋಡಿ" ಅಂತ ಸಂತೋಷ ಪಡ್ತೀವಲ್ಲ, ಮೀನಿನ ಮಟ್ಟಿಗೆ ಅದು ರಾತ್ರೋರಾತ್ರಿ ಬೇರೆ ಗ್ರಹಕ್ಕೆ ವರ್ಗಾವಣೆ ಆದ ಹಾಗೆ.

ಸರಿ, ಹಾಗಾದರೆ ಯಾವ ಮೀನು?

ಮೊದಲು ಬೇಡದ್ದು ಹೇಳ್ತೀನಿ. ಅಂಗಡಿಯಲ್ಲಿ ಕಣ್ಣಿಗೆ ಮೊದಲು ಬೀಳೋದೇ ನಿಯಾನ್ ಟೆಟ್ರಾ. ನೀಲಿ ಕೆಂಪು ಪಟ್ಟೆ, ಟ್ಯೂಬ್‌ಲೈಟ್ ಹಾಕಿದ ಹಾಗೆ. ಆಮೇಲೆ ಡಿಸ್ಕಸ್, ತಟ್ಟೆಯಷ್ಟು ದುಂಡಗೆ, ರಾಜಗಾಂಭೀರ್ಯ. ಎರಡೂ ಅಮೆಜಾನಿನವು. ಕೊಳೆತ ಎಲೆ ನೆನೆದು ಚಹಾದ ಬಣ್ಣಕ್ಕೆ ತಿರುಗಿದ, ಲವಣ ಹೆಚ್ಚೂಕಡಿಮೆ ಇಲ್ಲವೇ ಇಲ್ಲದ, ಸ್ವಲ್ಪ ಹುಳಿ ನೀರಿನಲ್ಲಿ ತಲೆತಲಾಂತರದಿಂದ ಬದುಕಿದವು. ಈಗ ಮಾರಾಟಕ್ಕೆ ಬರೋದು ಹೆಚ್ಚಾಗಿ ತೊಟ್ಟಿಯಲ್ಲೇ ಹುಟ್ಟಿದ ಮರಿಗಳು, ಸ್ವಲ್ಪ ಹೊಂದಿಕೊಳ್ತಾವೆ, ನಿಜ. ಆದರೂ ಬೇಳೆ ಬೇಯದ ನೀರಿಗೆ ಡಿಸ್ಕಸ್ ತಂದು ಬಿಡೋದು ಅಂದರೆ ಮಲೆನಾಡಿನ ಏಲಕ್ಕಿ ಗಿಡವನ್ನು ಚಳ್ಳಕೆರೆಯ ಬಯಲಲ್ಲಿ ನೆಟ್ಟ ಹಾಗೆ.

"ಆರ್‌ಓ ನೀರು ಹಾಕಿದ್ರೆ ಆಯ್ತಲ್ಲ?" ಅನ್ನೋರಿದ್ದಾರೆ. ಬರೀ ಆರ್‌ಓ ನೀರೂ ಆಗಲ್ಲ. ಅದರಲ್ಲಿ ಮೀನಿಗೆ ಬೇಕಾದ ಲವಣವೂ ಹೋಗಿರುತ್ತೆ, ಪಿಎಚ್ ಹಿಡಿದಿಡುವ ಶಕ್ತಿಯೂ ಇರಲ್ಲ. ಬೋರ್ ನೀರಿಗೆ ಒಂದಿಷ್ಟು ಮಳೆನೀರೋ ಆರ್‌ಓ ನೀರೋ ಬೆರೆಸಬಹುದು. ಆದರೆ ಪ್ರತಿ ವಾರವೂ ಅದೇ ಅಳತೆಯಲ್ಲಿ ಬೆರೆಸಬೇಕು. ಆರ್‌ಓ ಯಂತ್ರ ಒಂದು ಕೊಡ ಒಳ್ಳೆ ನೀರು ಕೊಡೋಕೆ ಅದಕ್ಕಿಂತ ಜಾಸ್ತಿ ನೀರನ್ನು ಮೋರಿಗೆ ಬಿಡುತ್ತೆ ಅನ್ನೋದನ್ನೂ ನೆನಪಿಡಿ. ಕುಡಿಯೋಕೆ ಅನಿವಾರ್ಯ. ಡಿಸ್ಕಸ್ ಮೀನಿಗೋಸ್ಕರ ಅಂದರೆ ನನಗೆ ಮನಸ್ಸು ಒಪ್ಪಲ್ಲ.

ಈಗ ಬೇಕಾದ್ದು. ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್. ಈ ನಾಲ್ಕೂ ಮೊಟ್ಟೆ ಇಡದೆ ಮರಿ ಹಾಕುವ ಒಂದೇ ಬಳಗದವು. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ತುದಿ ಇವುಗಳ ತವರು. ಗಡಸು, ಕ್ಷಾರೀಯ ನೀರು ಅಂದರೆ ಇವಕ್ಕೆ ಕಷ್ಟ ಅಲ್ಲ, ಇಷ್ಟ. ಮಾಲಿಗಂತೂ ಮೆತ್ತಗಿನ ನೀರಿನಲ್ಲೇ ಕಾಯಿಲೆ ಜಾಸ್ತಿ. ನಾವು ಶಾಪ ಹಾಕುವ ಬೋರ್ ನೀರನ್ನು ವರ ಅಂದುಕೊಳ್ಳುವ ಮೀನು ಇವೆ ಅನ್ನೋದೇ ನನಗೆ ಬಹಳ ಸಮಾಧಾನ ಕೊಡುವ ವಿಷಯ!

ಜನ ಇವನ್ನ "ಅಯ್ಯೋ, ಗಪ್ಪಿನಾ? ಅದು ಸೊಳ್ಳೆ ಮೀನು ಅಲ್ವಾ?" ಅಂತ ಮೂಗು ಮುರೀತಾರೆ. ಹೌದು, ಸೊಳ್ಳೆ ಮೀನೇ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಬಿಟ್ಟು ಮಲೇರಿಯಾ ಹತೋಟಿಗೆ ತಂದದ್ದು ನಮ್ಮ ಕರ್ನಾಟಕದಲ್ಲೇ. 2006ರಲ್ಲಿ ಚಿಕೂನ್‌ಗುನ್ಯಾ ಬಂದು ಬಯಲುಸೀಮೆಯ ಊರಿಗೆ ಊರೇ ಕೀಲು ಹಿಡಿದು ಕೂತದ್ದು ನಿಮಗೆ ನೆನಪಿರಬಹುದು. ಮನೆಯ ಸಿಮೆಂಟ್ ತೊಟ್ಟಿಗೆ ಎರಡು ಗಪ್ಪಿ ಬಿಟ್ಟರೆ ಲಾರ್ವಾ ತಿಂದು ಮುಗಿಸ್ತಾವೆ. ಒಂದೂವರೆ ಇಂಚಿನ ಪ್ರಾಣಿ ಇಷ್ಟು ಕೆಲಸ ಮಾಡಿದ ಮೇಲೆ ಅದಕ್ಕೆ ಸ್ವಲ್ಪ ಮರ್ಯಾದೆ ಕೊಡೋದು ತಪ್ಪೇನಲ್ಲ. ಆದರೆ ಮುಚ್ಚಿದ ತೊಟ್ಟಿಗೆ ಮಾತ್ರ, ಕೆರೆಗಲ್ಲ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಗಪ್ಪಿಯದ್ದು ಒಂದೇ ತಕರಾರು, ಸಂಸಾರ. ಒಂದು ಸಲ ಗಂಡಿನ ಜೊತೆ ಇದ್ದ ಹೆಣ್ಣು ಆಮೇಲೆ ಒಂಟಿಯಾಗಿದ್ದರೂ ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರಬಲ್ಲದು. ಆರು ಮೀನು ಅರವತ್ತಾಗೋಕೆ ಹೆಚ್ಚು ದಿನ ಬೇಡ. ಅದಕ್ಕೇ ನನ್ನ ಸಲಹೆ, ಮೊದಲ ಸಲ ಸಾಕುವವರು ಬರೀ ಗಂಡು ಗಪ್ಪಿ ತನ್ನಿ. ಬಣ್ಣ ಇರೋದೂ ಗಂಡಿಗೇ, ಬಾಲ ಇರೋದೂ ಗಂಡಿಗೇ. ಲೆಕ್ಕವೂ ತಪ್ಪಲ್ಲ.

ಎರಡನೇ ಲೆಕ್ಕ, ಬಿಸಿಲು ಮತ್ತು ಕರೆಂಟು. ಏಪ್ರಿಲ್‌ನಲ್ಲಿ ಹಿರಿಯೂರಿನ ಮಧ್ಯಾಹ್ನ ಹೇಗಿರುತ್ತೆ ಅಂತ ಅಲ್ಲಿದ್ದವರಿಗೆ ಹೇಳಬೇಕಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ ಆಗುತ್ತೆ. ಅದೇ ಹೊತ್ತಿಗೆ ಮೀನಿಗೆ ಆಮ್ಲಜನಕ ಜಾಸ್ತಿ ಬೇಕಾಗುತ್ತೆ. ಸರಿಯಾಗಿ ಆಗಲೇ ಕರೆಂಟ್ ಹೋಗಿ ಏರ್ ಪಂಪ್ ನಿಂತರೆ? ತಣ್ಣೀರಿನ ಗೋಲ್ಡ್‌ಫಿಶ್ ಮೇಲೆ ಬಂದು ಬಾಯಿ ಬಾಯಿ ಬಿಡುತ್ತೆ. ಮಕ್ಕಳು "ಅಪ್ಪಾ, ಮೀನು ಮಾತಾಡ್ತಿದೆ" ಅಂತಾರೆ. ಮಾತಾಡ್ತಿಲ್ಲ, ಉಸಿರು ಕಟ್ಟುತ್ತಿದೆ.

ಈ ಗೋಲ್ಡ್‌ಫಿಶ್ ಬಗ್ಗೆ ಸ್ವಲ್ಪ ಖಾರವಾಗೇ ಹೇಳಬೇಕು. ಸಿನಿಮಾದಲ್ಲಿ, ಕಾರ್ಟೂನಿನಲ್ಲಿ ದುಂಡು ಗಾಜಿನ ಬೋಗುಣಿಯೊಳಗೆ ಒಂದು ಗೋಲ್ಡ್‌ಫಿಶ್ ತೋರಿಸಿ ತೋರಿಸಿ ಅದೇ ಅದರ ಮನೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದು ಕಾರ್ಪ್ ಜಾತಿಯ ಮೀನು, ಚೀನಾದವರು ಸಾವಿರ ವರ್ಷದಿಂದ ಕೊಳದಲ್ಲಿ ಸಾಕಿ ಪಳಗಿಸಿದ್ದು. ಚೆನ್ನಾಗಿ ನೋಡಿಕೊಂಡರೆ ಗೇಣುದ್ದ ಬೆಳೆದು, ಹತ್ತು ವರ್ಷಕ್ಕೂ ಮೇಲೆ ಬದುಕುತ್ತೆ. ನಮ್ಮ ಬೋಗುಣಿಯಲ್ಲಿ ಅದು ಹತ್ತು ವಾರ ಬದುಕಿದರೆ "ಪರವಾಗಿಲ್ಲ, ಚೆನ್ನಾಗಿ ಬಾಳಿಕೆ ಬಂತು" ಅಂತೀವಿ! ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆಲ್ಲ ರಿಟರ್ನ್ ಗಿಫ್ಟ್ ಅಂತ ಬಾಟಲಿಯಲ್ಲಿ ಒಂದೊಂದು ಮೀನು ಕೊಡುವ ಶೋಕಿಯನ್ನೂ ನೋಡಿದ್ದೀನಿ. ಮಗುವಿಗೆ ಕೊಟ್ಟದ್ದು ಮೀನಲ್ಲ, ನಾಲ್ಕು ದಿನದ ನಂತರದ ಒಂದು ಸಾವು.

ಕರೆಂಟಿನ ಭರವಸೆ ಇಲ್ಲದ ಮನೆಗೆ ಗುರಾಮಿ ಒಳ್ಳೆಯದು. ಅದರ ತಲೆಯೊಳಗೆ ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಳ್ಳುವ ಒಂದು ಅಂಗ ಇದೆ. ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುತ್ತೆ. ಫೈಟರ್ ಅಂತ ಮಾರುವ ಬೆಟ್ಟಾ ಮೀನೂ ಇದೇ ಬಳಗ. ಆದರೆ "ಗಾಳಿ ಕುಡಿಯುತ್ತಲ್ಲ, ಹಾಗಾದ್ರೆ ಜಾಮ್ ಬಾಟಲಿಯಲ್ಲಿ ಇಟ್ಟರೂ ನಡೆಯುತ್ತೆ" ಅನ್ನೋ ತರ್ಕ ಬೇಡ ದಯವಿಟ್ಟು. ಮನುಷ್ಯನೂ ಗಾಳಿ ಕುಡೀತಾನೆ, ಹಾಗಂತ ಅವನನ್ನ ಬೀರುವಿನಲ್ಲಿ ಇಡ್ತೀವಾ? ಒಂದು ತೊಟ್ಟಿಗೆ ಒಂದೇ ಗಂಡು ಬೆಟ್ಟಾ ಅನ್ನೋದು ಗೊತ್ತಿರೋ ಸಂಗತಿ. ಉದ್ದ ಬಾಲದ ಗಪ್ಪಿಯ ಜೊತೆಗೂ ಅದನ್ನ ಬಿಡಬೇಡಿ.

ಬಿಸಿಲಿಗೆ ನಮ್ಮ ಕಡೆ ಒಂದು ಅನುಕೂಲವೂ ಇದೆ. ಗಾಳಿ ಒಣ. ಮಡಕೆ ನೀರು ಯಾಕೆ ತಣ್ಣಗಿರುತ್ತೆ? ಆವಿಯಾಗುವಾಗ ಶಾಖ ಹೊತ್ತುಕೊಂಡು ಹೋಗುತ್ತೆ. ಅದೇ ಲೆಕ್ಕದಲ್ಲಿ ತೊಟ್ಟಿಯ ಮುಚ್ಚಳದ ಜಾಗದಲ್ಲಿ ಬಲೆ ಹಾಕಿ, ಒಂದು ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವಂತೆ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತೆ. ಕರಾವಳಿಯವರಿಗೆ ಈ ಉಪಾಯ ಇಷ್ಟು ಚೆನ್ನಾಗಿ ನಡೆಯಲ್ಲ. ಬಯಲುಸೀಮೆಯವರಿಗೆ ಇಂಥ ಒಂದೆರಡು ಲಾಭವಾದರೂ ಬೇಡ್ವಾ :)

ಮೂರನೇ ಲೆಕ್ಕ ಸ್ವಲ್ಪ ರಸಾಯನಶಾಸ್ತ್ರ. ಬೋರ್ ಹೊಡೆಸಲ್ಲ, ಹೆದರಬೇಡಿ. ಮೀನು ತಿಂದು ವಿಸರ್ಜಿಸಿದ್ದು, ಮಿಕ್ಕಿ ಕೊಳೆತ ಆಹಾರ, ಎರಡೂ ನೀರಿನಲ್ಲಿ ಅಮೋನಿಯಾ ಆಗುತ್ತೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷ. ಇನ್ನೊಂದು ಬಗೆ ಅದನ್ನ ನೈಟ್ರೇಟ್ ಮಾಡುತ್ತೆ, ಅದು ಅಷ್ಟು ಅಪಾಯ ಅಲ್ಲ. ಈ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯ ಫಿಲ್ಟರಿನಲ್ಲಿ, ಕಲ್ಲಿನಲ್ಲಿ ಮನೆ ಮಾಡಿಕೊಳ್ಳೋಕೆ ನಾಲ್ಕರಿಂದ ಆರು ವಾರ ಬೇಕು. ಬೆಳಗ್ಗೆ ತೊಟ್ಟಿ, ಸಂಜೆ ಇಪ್ಪತ್ತು ಮೀನು ಅನ್ನುವ ಮನೆಯಲ್ಲಿ ಮೊದಲ ವಾರವೇ ಸರಣಿ ಸಾವು ಆಗೋದು ಈ ಕಾರಣಕ್ಕೆ.

ಇಲ್ಲಿ ನಮ್ಮ ನೀರಿನ ಪಾತ್ರ ನೋಡಿ. ಅಮೋನಿಯಾಕ್ಕೆ ನೀರಿನಲ್ಲಿ ಎರಡು ರೂಪ, ಒಂದು ಹೆಚ್ಚು ವಿಷ, ಇನ್ನೊಂದು ಬಹಳ ಕಡಿಮೆ. ಪಿಎಚ್ 7, ಶಾಖ 25 ಡಿಗ್ರಿ ಇದ್ದಾಗ ಹೆಚ್ಚು ವಿಷದ ರೂಪ ನೂರಕ್ಕೆ ಒಂದು ಪಾಲೂ ಇರಲ್ಲ. ಪಿಎಚ್ 8, ಶಾಖ 30 ಡಿಗ್ರಿ ಆದರೆ ಅದು ನೂರಕ್ಕೆ ಏಳು ಪಾಲು ದಾಟುತ್ತೆ. ಅಂದರೆ ಅಷ್ಟೇ ಮೀನು, ಅಷ್ಟೇ ಆಹಾರ, ಅಷ್ಟೇ ಗಲೀಜು, ಆದರೆ ವಿಷ ಹತ್ತು ಪಟ್ಟಿಗಿಂತ ಹೆಚ್ಚು. ಮೆತ್ತಗಿನ ನೀರಿನ ತಂಪು ಊರಿನವರು ಹತ್ತು ಮೀನು ಇಟ್ಟ ತೊಟ್ಟಿಯಲ್ಲಿ ನಾವು ಆರು ಇಟ್ಟರೆ ಸರಿ. ಇಂಗ್ಲಿಷ್ ಪುಸ್ತಕ, ವಿಡಿಯೋ ನೋಡಿ ಲೆಕ್ಕ ಹಾಕುವವರು ಈ ಒಂದು ವಿಷಯ ಮರೆಯಬಾರದು. ಅವರು ಅವರ ನೀರಿಗೆ ಬರೆದದ್ದು, ಚಿತ್ರದುರ್ಗದ ಏಪ್ರಿಲ್‌ಗೆ ಅಲ್ಲ.

ಬೆಳವಣಿಗೆಯ ಲೆಕ್ಕವೂ ಇದೆ. ಅಂಗಡಿಯಲ್ಲಿ ಇರೋದೆಲ್ಲ ಮರಿಗಳು. ಮೂರು ಇಂಚಿನ 'ಶಾರ್ಕ್' ಅಂತ ಕೊಡ್ತಾರಲ್ಲ, ಅದು ಶಾರ್ಕೇ ಅಲ್ಲ, ಮೆಕಾಂಗ್ ನದಿಯ ಕಡೆಯ ಪಂಗಾಸಿಯಸ್ ಅನ್ನೋ ಮೀಸೆ ಮೀನು, ಮೂರಡಿ ದಾಟುತ್ತೆ. ಗಾಜಿಗೆ ಬಾಯಿ ಅಂಟಿಸಿ ಪಾಚಿ ತಿನ್ನುವ 'ಸಕ್ಕರ್' ಒಂದೂವರೆ ಅಡಿಯವರೆಗೆ ಬೆಳೆಯುತ್ತೆ. ಆಸ್ಕರ್ ಒಂದಡಿ. ಬೆಳ್ಳಿ ಬಣ್ಣದ ಅರೋವಾನಾ ಮೂರಡಿಯ ಹತ್ತಿರ. ನಮ್ಮ ಹಾಲಿನಲ್ಲಿ ಇರೋದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ. ಭರ್ತಿ ತುಂಬಿದರೆ ಐವತ್ತಾರು ಲೀಟರ್. ಮೂರಡಿಯ ಮೀನನ್ನ ಎರಡಡಿಯ ತೊಟ್ಟಿಯಲ್ಲಿ ಯಾವ ಕಡೆಯಿಂದ ಮಡಚಿ ಇಡ್ತೀರಿ?

ಅರೋವಾನಾ, ಫ್ಲವರ್‌ಹಾರ್ನ್ ಮಾತು ಬಂದ ಮೇಲೆ ವಾಸ್ತು ವಿಷಯ ಬರಲೇಬೇಕು. ಈಶಾನ್ಯಕ್ಕೆ ತೊಟ್ಟಿ ಇಡಿ, ಎಂಟು ಕೆಂಪು ಒಂದು ಕಪ್ಪು ಮೀನು ಬಿಡಿ, ಫ್ಲವರ್‌ಹಾರ್ನಿನ ತಲೆಯ ಗಡ್ಡೆ ದೊಡ್ಡದಾದಷ್ಟೂ ಅದೃಷ್ಟ... ಇದೆಲ್ಲ ಕೇಳಿರ್ತೀರಿ. ಫ್ಲವರ್‌ಹಾರ್ನ್ ಅನ್ನೋ ಮೀನು ಯಾವ ನದಿಯಲ್ಲೂ ಹುಟ್ಟಿದ್ದಲ್ಲ, 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಸಿಕ್ಲಿಡ್ ಜಾತಿಗಳನ್ನ ಬೆರೆಸಿ ಮಾಡಿದ್ದು. ಮೂವತ್ತು ವರ್ಷದ ಹಿಂದೆ ಇಲ್ಲದೇ ಇದ್ದ ಮೀನಿಗೆ ನಮ್ಮ ಶಾಸ್ತ್ರದಲ್ಲಿ ಜಾಗ ಎಲ್ಲಿಂದ ಬಂತೋ ಗೊತ್ತಿಲ್ಲ. ನಂಬಿಕೆ ಅವರವರದ್ದು, ನಾನು ಜಗಳಕ್ಕೆ ಬರಲ್ಲ. ಆದರೆ ಮೀನು ಸತ್ತರೆ "ನಮಗೆ ಬರೋ ಕಂಟಕ ಅದು ತಗೊಂಡು ಹೋಯ್ತು" ಅನ್ನೋ ಮಾತು ಮಾತ್ರ ನನಗೆ ಸಹಿಸೋಕಾಗಲ್ಲ. ಅದು ತಗೊಂಡು ಹೋಗಿದ್ದು ನಾವು ಬದಲಾಯಿಸದ ನೀರಿನ ಅಮೋನಿಯಾ.

ನನ್ನ ಅಚ್ಚುಮೆಚ್ಚಿನ ಮೀನು ಹೇಳಿಲ್ಲ ಇನ್ನೂ. ಜೀಬ್ರಾ. ಎರಡು ಇಂಚು ದಾಟಲ್ಲ, ನೀಲಿ ಗೆರೆ, ಒಂದು ಕ್ಷಣ ಸುಮ್ಮನಿರಲ್ಲ. ಆರು ಎಂಟು ಒಟ್ಟಿಗೆ ಬಿಟ್ಟರೆ ಶಾಲೆ ಬಿಟ್ಟ ಮಕ್ಕಳ ಹಾಗೆ. ಬಿಸಿ, ಚಳಿ, ಗಡಸು, ಮೆದು ಎಲ್ಲಕ್ಕೂ ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತೆ. ಅದಕ್ಕೆ ಕಾರಣವೂ ಇದೆ, ಅದು ನಮ್ಮದೇ ಉಪಖಂಡದ ಗದ್ದೆ ಬಯಲು, ಹಳ್ಳ ತೊರೆಗಳ ಮೀನು. ಮಳೆಗಾಲವನ್ನೂ ಕಂಡಿದೆ, ಬೇಸಿಗೆಯನ್ನೂ ಕಂಡಿದೆ.

ಅಂದ ಹಾಗೆ, ಈ ಜೀಬ್ರಾಕ್ಕೂ ನಮ್ಮೂರಿಗೂ ಒಂದು ಸಣ್ಣ ನಂಟು ಇದೆ. ಟಿಪ್ಪು ಸತ್ತ ಮೇಲೆ ಕಂಪನಿಯವರು ಫ್ರಾನ್ಸಿಸ್ ಬುಕನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯನನ್ನ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬಾ ಅಂತ ಕಳಿಸಿದ್ರು. 1801ರಲ್ಲಿ ಆತ ಬಿದನೂರು ನಗರದಿಂದ ಹೊರಟು, ಇಕ್ಕೇರಿ ಸೀಮೆ, ನಮ್ಮ ಚಿತ್ರದುರ್ಗದ ಸೀಮೆ ದಾಟಿ ಹಿರಿಯೂರಿಗೆ ಬಂದ. ಆ ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ಆಮೇಲೆ ಆತ ಹೆಸರಿಗೆ ಹ್ಯಾಮಿಲ್ಟನ್ ಸೇರಿಸಿಕೊಂಡು, 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಒಂದು ಪುಸ್ತಕ ಬರೆದ. ಜೀಬ್ರಾ ಮೀನಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದು ಆ ಪುಸ್ತಕದಲ್ಲಿ. ನಾವು ಕೆರೆಯಿಂದ ತಂದು ಸಾರು ಮಾಡುವ ರೋಹು, ಕಾಟ್ಲಾಗಳದ್ದೂ ಅಲ್ಲೇ. ವೇದಾವತಿಯ ದಡದಲ್ಲಿ ಓಡಾಡಿದ ಮನುಷ್ಯ ಹೆಸರಿಟ್ಟ ಮೀನು ಈಗ ಪ್ರಪಂಚದ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲೆಲ್ಲ ಇದೆ. ನಮ್ಮ ಅಂಗಡಿಯಲ್ಲಿ ಮಾತ್ರ ಅದು ಮೂಲೆಯ ತೊಟ್ಟಿಯಲ್ಲಿ, ಎಲ್ಲಕ್ಕಿಂತ ಅಗ್ಗಕ್ಕೆ!

"ನಮ್ಮ ಕೆರೆಯ ಮೀನನ್ನೇ ಸಾಕಬಹುದಲ್ಲ?" ಅಂತ ಕೇಳಿದ್ರೆ, ಸಣ್ಣ ಗೆಂಡೆ ಜಾತಿಯವು ತೊಟ್ಟಿಗೆ ನಿಜಕ್ಕೂ ಚೆಂದ. ಅಂಗಡಿಯವರು ಬಾರ್ಬ್ ಅಂತ ಮಾರೋದು ಗೆಂಡೆಯ ನೆಂಟರನ್ನೇ. ಕೊರವನ ಮರಿ ತರಬೇಡಿ, ಅದು ಉಳಿದವನ್ನೆಲ್ಲ ಊಟ ಮಾಡುತ್ತೆ. ಕಾಟ್ಲಾ ಮರಿಗೆ ನಿಮ್ಮ ಹಾಲು ಸಾಲದು. ಆದರೆ ನಮ್ಮ ನಾಡಿನದು ಅಂದ ಮಾತ್ರಕ್ಕೆ ಎಲ್ಲವನ್ನೂ ಹಿಡಿದು ತರೋದೂ ಸರಿಯಲ್ಲ. 'ಮಿಸ್ ಕೇರಳ' ಅಂತ ಮಾರುವ, ಮೈಮೇಲೆ ಕೆಂಪು ಕಪ್ಪು ಗೆರೆಯ ಡೆನಿಸನ್ ಬಾರ್ಬ್ ಪಶ್ಚಿಮ ಘಟ್ಟದ ಕೆಲವೇ ಹೊಳೆಗಳದ್ದು. ಕಾಸರಗೋಡಿನ ಚಂದ್ರಗಿರಿಯೂ ಅದರಲ್ಲೊಂದು. ಹೊರದೇಶದ ಅಕ್ವೇರಿಯಂಗಳಿಗೆ ಹಿಡಿದು ಹಿಡಿದು ಕಳಿಸಿದ್ದರಿಂದ ಅದು ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ತೊಟ್ಟಿಯಲ್ಲೇ ಮರಿ ಮಾಡಿಸಿದ್ದು ಅಂತ ಖಾತ್ರಿ ಇಲ್ಲದಿದ್ದರೆ ಅದನ್ನ ಕೊಳ್ಳದಿರೋದೇ ಮೇಲು.

ಈಗ, ಆಮೇಲೆ ಹೇಳ್ತೀನಿ ಅಂದ ಕೆರೆಯ ವಿಷಯ. ಈ ಬರಹ ಬರೆಯೋಕೆ ಕೂತದ್ದೇ ಇದಕ್ಕೆ.

ಸಕ್ಕರ್ ದೊಡ್ಡದಾಯ್ತು, ಗಪ್ಪಿ ಅರವತ್ತಾಯ್ತು, ಊರು ಬಿಟ್ಟು ಹೋಗಬೇಕಾಯ್ತು. ಆಗ ನಮ್ಮ ಜನ ಮಾಡುವ ಕೆಲಸ ಒಂದೇ, "ಪಾಪ, ಕೊಲ್ಲೋಕೆ ಮನಸ್ಸು ಬರಲ್ಲ, ಕೆರೆಗೆ ಬಿಟ್ಟುಬಿಡೋಣ." ಪುಣ್ಯದ ಕೆಲಸ ಮಾಡಿದ ಸಮಾಧಾನ ಬೇರೆ. ಆದರೆ ಅಮೆಜಾನಿನ ಸಕ್ಕರ್ ಮೈಮೇಲೆ ಮೂಳೆಯ ಕವಚ ಹೊತ್ತದ್ದು, ನಮ್ಮ ಕೆರೆಯ ಮೀನಿಗೂ ಹಕ್ಕಿಗೂ ಅದನ್ನ ತಿನ್ನೋದು ಕಷ್ಟ. ದಡದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತೆ. ಮೀನುಗಾರರ ಬಲೆ ಹರಿಯುತ್ತೆ. ಹಿಡಿದರೂ ಕೊಳ್ಳೋರಿಲ್ಲ. ಕೇರಳ, ತಮಿಳುನಾಡು, ಆಂಧ್ರ, ಪಶ್ಚಿಮ ಬಂಗಾಳದ ಕೆರೆ ನದಿಗಳಲ್ಲಿ ಅದು ಈಗಾಗಲೇ ಬೀಡುಬಿಟ್ಟಿದೆ. ಅಲ್ಲಿಗೆ ಅದು ಈಜಿಕೊಂಡು ಬಂದದ್ದಲ್ಲ, ನಮ್ಮಂಥವರ ಹಾಲಿನಿಂದ ಹೋದದ್ದು.

"ಒಂದು ಕೆರೆಗೆ ಒಂದು ಮೀನು ಬಿಟ್ಟರೆ ಏನು ಮಹಾ?" ಅನ್ನೋರು ನಮ್ಮ ಕೋಟೆಯನ್ನೇ ನೋಡಲಿ. ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನ ಹೊಂಡಕ್ಕೆ ಇಳಿಯಬೇಕು, ಹಾಗೆ ಇಳಿಯುತ್ತಾ ಊರೊಳಗಿನ ಸಂತೆಹೊಂಡದವರೆಗೂ ಬರಬೇಕು ಅಂತ ಪಾಳೆಗಾರರ ಕಾಲದವರು ಕಟ್ಟಿದ್ದು. ನಮ್ಮ ಕೆರೆಗಳೂ ಹಾಗೇ, ಒಂದರ ಕೋಡಿ ಇನ್ನೊಂದರ ಒಳಹರಿವು. ನೀರು ಹೋದ ದಾರಿಯಲ್ಲಿ ಮೀನೂ ಹೋಗುತ್ತೆ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ 89 ವರ್ಷ ಹಾಗೇ ಇತ್ತು. ಕೋಡಿ ಬೀಳೋದನ್ನ ನೋಡದೆ ಎರಡು ತಲೆಮಾರು ಕಳೆದುಹೋಯ್ತು. 2019ರಿಂದ ಭದ್ರೆಯ ನೀರು ಬರತೊಡಗಿತು. 2022ರ ಸೆಪ್ಟೆಂಬರಿನಲ್ಲಿ ಮಳೆಯೂ ಕೂಡಿ ಬಂದು 130 ಅಡಿ ದಾಟಿ ಕೋಡಿ ಹರಿದಾಗ ಜಿಲ್ಲೆಗೆ ಜಿಲ್ಲೆಯೇ ಜಾತ್ರೆಯ ಹಾಗೆ ಹೋಗಿ ನೋಡಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು.

ಅಷ್ಟು ಕಾದು ಬಂದ ನೀರು ಅದು. ಭದ್ರೆಯಿಂದ ವೇದಾವತಿಗೆ, ವೇದಾವತಿಯಿಂದ ಕೋಡಿಗೆ, ಕೋಡಿಯಿಂದ ಕೆಳಗಿನ ಊರುಗಳಿಗೆ ದಾರಿಗಳು ಈಗ ಮೊದಲಿಗಿಂತ ಹೆಚ್ಚು ತೆರೆದಿವೆ. ಕೆರೆ ಬತ್ತಿ ಒಣಗುತ್ತಿದ್ದ ಕಾಲದಲ್ಲಿ ಯಾರೋ ಬಿಟ್ಟ ಮೀನು ಅಲ್ಲೇ ಸಾಯ್ತಿತ್ತು. ಈಗ ಸಾಯಲ್ಲ, ಪ್ರಯಾಣ ಮಾಡುತ್ತೆ. ಇಷ್ಟು ವರ್ಷಕ್ಕೆ ಕೆರೆಗಳಿಗೆ ನೀರು ಬರ್ತಿರೋ ಹೊತ್ತಿನಲ್ಲಿ ನಾವು ಅದಕ್ಕೆ ಕೊಡುವ ಉಡುಗೊರೆ ಸಕ್ಕರ್ ಮೀನು ಆಗಬಾರದು.

ಆದ್ದರಿಂದ ಮೀನು ತರುವ ಮೊದಲೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಸಾಕೋಕೆ ಆಗದಿದ್ದರೆ ಇದು ಎಲ್ಲಿಗೆ ಹೋಗುತ್ತೆ? ಅಂಗಡಿಯವರು ವಾಪಸ್ ತಗೊಳ್ತಾರಾ ಅಂತ ಕೊಳ್ಳುವಾಗಲೇ ಕೇಳಿ, ದುಡ್ಡು ಬೇಡ ಅಂದರೆ ಎಷ್ಟೋ ಜನ ತಗೊಳ್ತಾರೆ. ಸಾಕುವ ಗೆಳೆಯರಿಗೆ ಕೊಡಿ. ಕೆರೆಯಿಂದಲೇ ಹಿಡಿದು ತಂದ ಗೆಂಡೆಯನ್ನೂ ಅಂಗಡಿ ಮೀನಿನ ಜೊತೆ ಇಟ್ಟ ಮೇಲೆ ವಾಪಸ್ ಬಿಡಬೇಡಿ, ಕಾಯಿಲೆಯೂ ಜೊತೆಗೆ ಹೋಗುತ್ತೆ. ಈ ಪ್ರಶ್ನೆಗೆ ಉತ್ತರ ಇಲ್ಲದ ಮೀನು ನಿಮ್ಮ ಮೀನಲ್ಲ.

ಕೊನೆಗೆ ಒಂದು ಆಕ್ಷೇಪ ಉಳಿಯುತ್ತೆ, ಅದು ನ್ಯಾಯವಾದದ್ದೇ. "ಕುಡಿಯೋ ನೀರಿಗೆ ಕೊಡ ಹಿಡಿದು ನಿಂತ ಜಿಲ್ಲೆಯಲ್ಲಿ ಮೀನಿನ ತೊಟ್ಟಿ ಯಾಕಪ್ಪಾ?" ಲೆಕ್ಕ ಹಾಕೋಣ. ಐವತ್ತಾರು ಲೀಟರಿನ ತೊಟ್ಟಿಗೆ ವಾರಕ್ಕೆ ಕಾಲು ಭಾಗ ನೀರು ಬದಲಾಯಿಸಿದರೆ ಹದಿನಾಲ್ಕು ಲೀಟರ್, ಅಂದರೆ ಹೆಚ್ಚೂಕಡಿಮೆ ಒಂದು ಕೊಡ. ನಲ್ಲಿ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ನಿಧಾನಕ್ಕೆ ಹಾಕಬೇಕು. ತೆಗೆದ ನೀರನ್ನ ಮೋರಿಗೆ ಚೆಲ್ಲಬೇಡಿ, ಅದರಲ್ಲಿರೋ ನೈಟ್ರೇಟ್ ಗಿಡಕ್ಕೆ ಗೊಬ್ಬರ. ಕರಿಬೇವಿಗೋ ತುಳಸಿಗೋ ಹಾಕಿ. ಗಿಡಕ್ಕೆ ಹೇಗೂ ಹಾಕುವ ಕೊಡವನ್ನು ಮೀನಿನ ಮನೆಯ ಮೂಲಕ ಹಾಯಿಸಿದ ಹಾಗಾಯ್ತು. ಆ ಒಂದು ಕೊಡವೂ ಇಲ್ಲದ ಬೇಸಿಗೆ ಇರುವ ಮನೆಯಾದರೆ ತೊಟ್ಟಿ ಬೇಡ. ಇದರಲ್ಲಿ ಎರಡನೇ ಮಾತಿಲ್ಲ.

ಅಂದರೆ ನನ್ನ ಪ್ರಕಾರ ಚಿತ್ರದುರ್ಗದ ಒಂದು ಎರಡಡಿ ತೊಟ್ಟಿಗೆ ಆರು ಜೀಬ್ರಾ, ನಾಲ್ಕು ಗಂಡು ಗಪ್ಪಿ. ಅಷ್ಟೇ. ಜೀಬ್ರಾ ಬೇಡ ಅಂದರೆ ಐದು ಪ್ಲಾಟಿ. ಅದೂ ಒಂದೇ ದಿನ ಅಲ್ಲ, ತೊಟ್ಟಿ ಕೂರಿಸಿ ತಿಂಗಳಾದ ಮೇಲೆ, ಎರಡು ಮೂರು ಕಂತಿನಲ್ಲಿ. ನೋಡೋಕೆ ಬಡ ತೊಟ್ಟಿ ಅನ್ನಿಸಬಹುದು. ಆದರೆ ಎರಡು ವರ್ಷ ಆದಮೇಲೂ ಅಲ್ಲಿ ಮೀನು ಇರುತ್ತೆ. ಡಿಸ್ಕಸ್ ತಂದವರ ಮನೆಯಲ್ಲಿ ಆ ಹೊತ್ತಿಗೆ ತೊಟ್ಟಿ ಅಟ್ಟ ಸೇರಿ, ಅದರೊಳಗೆ ಈರುಳ್ಳಿ ತುಂಬಿರುತ್ತೆ :)

ಇದು ನಮ್ಮ ನಾಲ್ಕು ತಾಲ್ಲೂಕಿನ ನೀರಿನ ಲೆಕ್ಕ. ಮಲೆನಾಡಿನವರಿಗೆ, ಮಂಗಳೂರಿನ ಕಡೆಯವರಿಗೆ, ಕಾವೇರಿ ನೀರು ಕುಡಿಯುವ ಬೆಂಗಳೂರಿನವರಿಗೆ ಲೆಕ್ಕ ಬೇರೆಯಾಗುತ್ತೆ. ಬೋರ್ ನೀರಲ್ಲಿ ಟೆಟ್ರಾ ವರ್ಷಗಟ್ಟಲೆ ಸಾಕಿದವರಿದ್ದರೆ ಹೇಗೆ ಅಂತ ಖಂಡಿತ ತಿಳಿಸಿ, ಜಗಳಕ್ಕೆ ಬಂದರೂ ಸಂತೋಷ. ನಿಮ್ಮೂರಿನ ನೀರು ಹೇಗಿದೆ, ಅದರಲ್ಲಿ ಯಾವ ಮೀನು ಬಾಳಿದೆ, ನೀವೂ ಬರೀರಿ. ಕನ್ನಡದಲ್ಲಿ ಇಂಥ ಲೆಕ್ಕ ಊರೂರಿಗೊಂದು ಇದ್ದರೆ, ಮುಂದಿನ ಸಲ ಅಂಗಡಿಗೆ ಹೋಗುವವರು ಆ ಮೂರನೇ ಪ್ರಶ್ನೆ ಕೇಳೋಕೆ ಅನುಕೂಲ ಆಗುತ್ತೆ.